ಗಿತುರಾ ದಿಬ್ಬವೂ ನ್ಯಾಕಿಯೊಳ ಮಾರುತಿಯೂ

ನಮ್ಮ ಕಡೆ ಮಗು ಹುಟ್ಟಿದರೆ ಯಾರೂ ಊರೂರು ತಿರುಗಿ ಹೇಳಬೇಕಾಗಿಲ್ಲ. ಹೆಂಗಸರು ಅಂಗಳಕ್ಕೆ ಬಂದು ನಾಲಿಗೆ ಆಡಿಸುತ್ತಾ ನ್ಗೆಮಿ ಹಾಕುತ್ತಾರೆ. ಆ ಕೇಕೆ ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಕೇಳಿಸುತ್ತದೆ. ಗಂಡಾದರೆ ಐದು, ಹೆಣ್ಣಾದರೆ ಮೂರು. ಮೂರಕ್ಕೆ ನಿಂತಿತೆಂದರೆ ಆಚೆ ದಿಬ್ಬದವರು "ಓ, ಹೆಣ್ಣು" ಅಂದುಕೊಂಡು ಮತ್ತೆ ಆಲೂಗಡ್ಡೆ ಅಗೆಯಲು ಬಗ್ಗುತ್ತಾರೆ. ನ್ಯಾಕಿಯೊ ಹುಟ್ಟಿದಾಗಲೂ ಮೂರೇ. ಅವಳ ಅಜ್ಜಿ ನಾಲ್ಕನೆಯದಕ್ಕೆ ಬಾಯಿ ತೆರೆದಿದ್ದಳಂತೆ, ಪಕ್ಕದಲ್ಲಿದ್ದವಳು ಮೊಣಕೈಯಲ್ಲಿ ತಿವಿದು ಬಾಯಿ ಮುಚ್ಚಿಸಿದಳಂತೆ. ಈ ಕಥೆ ಕೇಳಿದಾಗಲೆಲ್ಲ ನ್ಯಾಕಿಯೊ, "ಆ ತಿವಿದವಳು ಯಾರು ಅಂತ ಹೇಳಿ, ಅವಳನ್ನ ನೋಡ್ಕೋತೀನಿ" ಅನ್ನುತ್ತಿದ್ದಳು. ತಿವಿದವಳು ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ನ್ಯಾಕಿಯೊಳ ಸಿಟ್ಟಿಗೆ ಅದೊಂದು ಅಡ್ಡಿಯಲ್ಲ.

ಅವಳ ಕಸುಬು ಹಾಲು ಸಾಗಿಸುವುದು. ನ್ಯಾಂಡರುವಾ ಬೆಟ್ಟಸಾಲಿನ ತಪ್ಪಲಲ್ಲಿ ನಮಗೆಲ್ಲ ಮನೆಗೊಂದು ಎಲೆಕೋಸಿನ ಹೊಲ, ಮನೆಗೆ ನಾಲ್ಕೈದು ಹಸು. ಬೆಳಗಿನ ಹಾಲು ಟಾರು ರಸ್ತೆಯ ಪಕ್ಕದಲ್ಲಿರುವ ಸಂಘದ ತಣ್ಣನೆ ತೊಟ್ಟಿಗೆ ಹೊತ್ತೇರುವ ಮುಂಚೆ ಬೀಳಬೇಕು. ತಡವಾಗಿ ಬಂದದ್ದನ್ನು ಸಂಘ ಮೂಸಿಯೂ ನೋಡುವುದಿಲ್ಲ. ಬಹಳ ವರ್ಷ ನ್ಯಾಕಿಯೊ ಕತ್ತೆಗಾಡಿಯಲ್ಲೇ ಕೆಳಗಿನ ಮನೆಗಳ ಹಾಲು ಸಾಗಿಸಿದಳು. ಆದರೆ ಅವಳ ಕಣ್ಣಿದ್ದದ್ದು ಗಿತುರಾ ದಿಬ್ಬದ ಮೇಲೆ. ಅಲ್ಲಿ ಹುಲ್ಲು ಸೊಂಪು, ಹಾಲು ಗಟ್ಟಿ, ಹೆಂಗಸರು ಇನ್ನೂ ಗಟ್ಟಿ. ದಾರಿ ಮಾತ್ರ ದೇವರಿಗೇ ಪ್ರೀತಿ. ಮಳೆ ಹಿಡಿದರೆ ಆ ಕಪ್ಪು ಜೇಡಿಯಲ್ಲಿ ಮೇಕೆ ಕೂಡ ಹೆಜ್ಜೆ ಇಡುವ ಮುಂಚೆ ಯೋಚನೆ ಮಾಡುತ್ತದೆ. ಹತ್ತುತ್ತಿದ್ದದ್ದು ಮಥೆಂಗೆಯ ಟ್ರ್ಯಾಕ್ಟರ್ ಒಂದೇ.

ಮಥೆಂಗೆ ಕೆಟ್ಟವನೇನಲ್ಲ. ತನ್ನನ್ನು ಬಿಟ್ಟರೆ ಇವರಿಗೆ ಗತಿಯಿಲ್ಲ ಅಂತ ಗೊತ್ತಾದ ಗಂಡಸು ಹೇಗಿರುತ್ತಾನೋ ಹಾಗಿದ್ದ, ಅಷ್ಟೆ. ಮೊದಲು ತನ್ನ ಆಲೂಗಡ್ಡೆ ಮೂಟೆ, ಆಮೇಲೆ ಚಹಾ, ಅದಾದ ಮೇಲೆ ಗಿತುರಾದ ಹಾಲು. ಟ್ರ್ಯಾಕ್ಟರ್ ಕೆಳಗಿಳಿಯುವ ಹೊತ್ತಿಗೆ ಅರ್ಧ ಹಾಲು ಹುಳಿಯಾಗಿರುತ್ತಿತ್ತು. ಆ ಹುಳಿ ಹಾಲನ್ನು ಅವನೇ ತನಗೆ ತೋಚಿದಷ್ಟು ಕೊಟ್ಟು ಕೊಂಡು ಪೇಟೆಯ ಹೋಟೆಲುಗಳಿಗೆ ಮಾರುತ್ತಿದ್ದ. ದಿಬ್ಬದ ಹಿರಿಯಳು ವರುಗುರು, ಊರಿಗೆಲ್ಲ ಶೋಶೋ, ಅಂದರೆ ಅಜ್ಜಿ. ಒಂದು ದಿನ ಅವಳು ನ್ಯಾಕಿಯೊಳ ಕತ್ತೆಯ ಬೆನ್ನು ತಟ್ಟುತ್ತಾ ಹೇಳಿದಳು:

"ಮುಕುಹಿ ಅಮ್ಮಾ, ನಾವು ಹಾಲು ಕರೆಯೋದು ನಾಯಿಗೆ, ಕರುವಿಗೆ, ಮಥೆಂಗೆಗೆ. ನಮಗೆ ಅಂತ ಕರೆಯೋ ದಿನ ಯಾವಾಗ ಬರುತ್ತೋ."

ಮುಕುಹಿ ನ್ಯಾಕಿಯೊಳ ಮಗಳ ಹೆಸರು. ನಮ್ಮಲ್ಲಿ ತಾಯಂದಿರನ್ನು ಕರೆಯುವುದೇ ಹಾಗೆ. ಅಜ್ಜಿಯ ಆ ಮಾತು ನ್ಯಾಕಿಯೊಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮನೆಗೆ ಬಂದವಳೇ ಗಂಡ ಗಚಂಜನಿಗೆ, "ಎರಡು ಹಸು ಮಾರ್ತೀನಿ, ಗಾಡಿ ತಗೋತೀನಿ" ಅಂದಳು. ಗಚಂಜ ಮಾತು ಕಡಿಮೆಯವನು. ಸುಲಿಯುತ್ತಿದ್ದ ಆಲೂಗಡ್ಡೆಯನ್ನು ಒಮ್ಮೆ ನೋಡಿ, "ಯಾವ ಹಸು?" ಎಂದಷ್ಟೇ ಕೇಳಿದ.

ನೈವಾಷಾದಲ್ಲಿ ನಿವೃತ್ತರಾದ ದನದ ಡಾಕ್ಟರು ಕಿರಾಗು ತಮ್ಮ ಹಳೇ ಮಾರುತಿ ಮಾರುತ್ತಾರೆಂದು ಸುದ್ದಿ ಬಂತು. ನಿಮ್ಮ ಕಡೆ ಪೊಲೀಸರು ಓಡಿಸುತ್ತಿದ್ದ ಅದೇ ಜಿಪ್ಸಿ. ನಮಗೆ ಅದು ಬರೀ ಮಾರುತಿ. ನ್ಯಾಕಿಯೊ ಹೋಗಿ, ಹಸು ಕೊಳ್ಳುವವಳು ಹಲ್ಲು ನೋಡುವ ಹಾಗೆ ನೋಡಿದಳು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಮೂಸಿದಳು. ಕೆಳಗೆ ಮಲಗಿ ಚಾಸಿಯನ್ನು ಕಲ್ಲಿನಿಂದ ಕುಟ್ಟಿ ಎಲ್ಲಿ ತುಕ್ಕು ಉದುರುತ್ತದೆ ಎಂದು ಕಿವಿಗೊಟ್ಟಳು. ಚಕ್ರಗಳನ್ನು ಹಿಡಿದು ಅಲುಗಾಡಿಸಿದಳು. ಡಾಕ್ಟರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು ಕೇಳಿದರು:

"ಗಬ್ಬ ಆಗಿದೆಯಾ ಅಂತಲೂ ನೋಡ್ತೀಯೇನಮ್ಮಾ?"

"ಆಗಿದ್ರೆ ಒಳ್ಳೇದೇ ಅಲ್ವಾ ಮ್ಜೀ, ಒಂದರ ದುಡ್ಡಿಗೆ ಎರಡು." ಹಿರಿಯರನ್ನು ನಮ್ಮಲ್ಲಿ ಮ್ಜೀ ಅನ್ನುತ್ತಾರೆ.

ಮನೆಯ ಹಿಂದಿನ ಕಲ್ಲುಕ್ವಾರಿಯ ಏರು ಹತ್ತಿಸಿ ತೋರಿಸಿ ಅಂದಳು. ಡಾಕ್ಟರು ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ನಟ್ಟನಡುವೆ ಒಂದೊಂದಿದ್ದ ಗುಬುಟನ್ನು ಕೈಯಿಂದ ತಿರುಗಿಸಿ, ಮತ್ತೆ ಹತ್ತಿ, ನಾಲ್ಕೂ ಚಕ್ರ ಎಳೆಯುವಂತೆ ಮಾಡುವ, ಗೇರಿನ ಪಕ್ಕದ ಚಿಕ್ಕ ಸನ್ನೆಯನ್ನು ಎಳೆದರು. ಮಾರುತಿ ಬೆಕ್ಕು ಮರ ಹತ್ತಿದ ಹಾಗೆ ಸರಸರನೆ ಹತ್ತಿತು. ನ್ಯಾಕಿಯೊಗೆ ಅದು ಆಗಲೇ ತನ್ನದೆನಿಸಿತ್ತು. ಖುಷಿ ತೋರಿಸಿದರೆ ಬೆಲೆ ಏರುತ್ತದೆಂದು ಮುಖ ಗಂಟು ಹಾಕಿಕೊಂಡೇ ಕೂತಿದ್ದಳು. ಇಳಿದು ಬಂದ ಮೇಲೆ ಡಾಕ್ಟರು ಗುಬುಟುಗಳನ್ನು ಹಿಂದಕ್ಕೆ ತಿರುಗಿಸುತ್ತಾ, ಟಾರು ರಸ್ತೆಗೆ ಇದು ಬೇಡ, ಕೆಸರಿಗೆ ಇಳಿಯುವಾಗ ಮರೆಯಬೇಡ ಅಂತ ಏನೇನೋ ಹೇಳಿದರು. ನ್ಯಾಕಿಯೊ ಆಗ ಸ್ಟೆಪ್ನಿ ಚಕ್ರ ಬೆಲೆಯಲ್ಲೇ ಸೇರಬೇಕೆಂದು ವಾದಿಸುತ್ತಿದ್ದಳು. ಚೌಕಾಸಿಗೆ ಇಳಿದರೆ ಅವಳ ಬಾಯೊಂದೇ ಕೆಲಸ ಮಾಡುತ್ತದೆ, ಕಿವಿ ರಜಾ ಹಾಕುತ್ತದೆ. ಸ್ಟೆಪ್ನಿಯೂ ಸಿಕ್ಕಿತು, ಜಾಕೂ ಸಿಕ್ಕಿತು, ಡಾಕ್ಟರ ಮಾತು ಮಾತ್ರ ಅಲ್ಲೇ ಉಳಿಯಿತು.

ಕಾಗದಪತ್ರಕ್ಕೆಂದು ನೈರೋಬಿಗೆ ಹೋಗಬೇಕಾಯಿತು. ನೈರೋಬಿಯ ವಿಷಯ ಗೊತ್ತಲ್ಲ. ಗಾಡಿ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಕನ್ನಡಿ ಮಾಯ, ಸಂಜೆ ಅದೇ ಕನ್ನಡಿಯನ್ನು ನಿಮಗೇ ಮಾರುತ್ತಾರೆ. ಅದಕ್ಕೇ ಗಾಡಿ ಕೊಂಡವರು ಮೊದಲು ಮಾಡುವ ಕೆಲಸ ಗಾಜಿನ ಮೇಲೆಲ್ಲ ನಂಬರು ಕೆತ್ತಿಸಿ, ಕನ್ನಡಿಗೆ, ದೀಪಕ್ಕೆ, ಬಿಚ್ಚಲು ಬರುವ ಎಲ್ಲದಕ್ಕೂ ರಿವಿಟ್ ಹೊಡೆಸುವುದು. ನ್ಯಾಕಿಯೊ ಬೀದಿಬದಿಯ ರಿವಿಟ್‌ನವನ ಮುಂದೆ ನಿಂತು ಒಂದೊಂದನ್ನೇ ತೋರಿಸಿ ಹೊಡೆಸಿದಳು. ಕೊನೆಗೆ ಅವನ ಕಣ್ಣು ಮುಂದಿನ ಚಕ್ರದ ಗುಬುಟಿನ ಮೇಲೆ ಬಿತ್ತು.

"ತಾಯೀ, ಕಳ್ಳರು ಮೊದಲು ಎತ್ತೋದೇ ಇದನ್ನ. ನೋಡಿ, ಕೈ ಇಟ್ರೆ ಸಾಕು ತಿರುಗುತ್ತೆ. ಆಗಲೇ ಅರ್ಧ ಬಿಚ್ಚಿದ ಹಾಗೆ."

"ಅಯ್ಯೋ ಹೌದಲ್ಲ! ಹೊಡಿ, ಅದಕ್ಕೂ ಹೊಡಿ. ಗಟ್ಟಿಯಾಗಿ ಹೊಡಿ."

ಅವನು ಅಡುಗೆ ಕೊಬ್ಬಿನ ಡಬ್ಬಿಯ ಎರಡು ಮುಚ್ಚಳಗಳನ್ನು ಗುಬುಟುಗಳ ಮೇಲೆ ಕವುಚಿ, ಸುತ್ತಲೂ ರಿವಿಟ್ ಹೊಡೆದು, ಕರೀ ಬಣ್ಣ ಬಳಿದ. ಕಂಪನಿಯಿಂದಲೇ ಬಂದ ಹಾಗೆ ಕಾಣುತ್ತಿತ್ತು. ನ್ಯಾಕಿಯೊ ಅವನಿಗೆ ಮೇಲೆ ಒಂದು ಸೋಡಾ ಕುಡಿಸಿ, ಹೆಮ್ಮೆಯಿಂದ ಊರಿಗೆ ಬಂದಳು.

ಬೇಸಿಗೆಯಿಡೀ ಮಾರುತಿ ರಾಜನ ಹಾಗೆ ಓಡಿತು. ಗಿತುರಾದ ಒಣದಾರಿಯನ್ನು ದಿನವೂ ಹತ್ತಿ ಹಾಲು ಇಳಿಸಿತು. ನ್ಯಾಕಿಯೊ ಅದನ್ನು ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡಳು. ಬೆಳಿಗ್ಗೆ ಎದ್ದವಳೇ ನೀರು, ಆಯಿಲ್; ಭಾನುವಾರ ಚರ್ಚು ಮುಗಿಸಿ ಬಂದು ಸ್ಪ್ರಿಂಗಿನ ಪಟ್ಟಿ ಪಟ್ಟಿಗೂ ಗ್ರೀಸು. ಪೆಟ್ರೋಲ್ ಟ್ಯಾಂಕು ಜಿನುಗಿದಾಗ ಬಟ್ಟೆ ಸೋಪು ತಿಕ್ಕಿ ನಿಲ್ಲಿಸಿದಳು. ಮೇಲಿನ ಕ್ಯಾನ್ವಾಸು ಹರಿದಾಗ ಗೊಬ್ಬರದ ಚೀಲದ ತೇಪೆ ಹಾಕಿದಳು. ಈಗಲೂ ಹಿಂದಿನಿಂದ ನೋಡಿದರೆ ಗೊಬ್ಬರದ ಹೆಸರು ತಲೆಕೆಳಗಾಗಿ ಕಾಣುತ್ತದೆ. ಎರಡನೇ ಗೇರಿನಲ್ಲಿ ಒಂದು ಕೊರಗು ಸದ್ದಿತ್ತು, ಅದಕ್ಕೆ ಏನೂ ಮಾಡಲಾಗದೆ ತಾನೂ ಜೊತೆಗೆ ಗುನುಗುವುದನ್ನು ಕಲಿತಳು. ಗಚಂಜ ಒಮ್ಮೆ, "ನನಗೆ ಜ್ವರ ಬಂದಾಗ ಇಷ್ಟು ಸೇವೆ ಆಗಿರಲಿಲ್ಲ" ಅಂದ. "ನೀನು ಹಾಲು ಹೊರ್ತೀಯಾ?" ಅಂದಳು ಅವಳು.

ಆಮೇಲೆ ದೊಡ್ಡ ಮಳೆ ಬಂತು.

ಗಿತುರಾದ ಕೊನೆಯ ತಿರುವಿನಲ್ಲಿ ನ್ಯಾಕಿಯೊ ಸನ್ನೆ ಎಳೆದು ಆಕ್ಸಿಲರೇಟರ್ ಒತ್ತಿದಳು. ಹಿಂದಿನ ಚಕ್ರಗಳು ಕೆಸರು ಎರಚುತ್ತಾ ಹೊಂಡ ತೋಡಿದವು. ಮುಂದಿನವು ಮದುವೆಗೆ ಬಂದ ನೆಂಟರ ಹಾಗೆ ಸುಮ್ಮನೆ ನಿಂತು ನೋಡಿದವು. ಮೇಲಿಂದ ಹೆಂಗಸರು ಇಳಿದು ಬಂದು ಹಾಲಿನ ಕ್ಯಾನುಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೆಳಗೆ ಹೊತ್ತರು. ಮರುದಿನವೂ ಅದೇ ಹಾಡು. ಮೆಕ್ಯಾನಿಕ್ ಕರುಗು ಬಂದು ಕೆಳಗೆ ಇಣುಕಿ, "ಮುಂದಿನ ಚಕ್ರಕ್ಕೆ ಎಳೆತ ಕೊಡೋ ನಡುವಿನ ಗೇರ್‌ಡಬ್ಬಿ ಹೋಗಿದೆ ಅಕ್ಕ. ಬಿಚ್ಚಿಸ್ಬೇಕು ಅಂದ್ರೆ ಇನ್ನೊಂದು ಹಸು ಮಾರು" ಅಂದ. ಚಕ್ರದ ಕರೀ ಮುಚ್ಚಳ ಅವನಿಗೂ ಕಂಡಿತ್ತು. ಇದು ಗುಬುಟಿಲ್ಲದ ಜಾತಿಯ ಮಾರುತಿ ಎಂದು ತನ್ನೊಳಗೇ ತೀರ್ಮಾನಿಸಿಬಿಟ್ಟ. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ನ್ಯಾಕಿಯೊ ಉರಿದುಬಿದ್ದಳು. ಸಂತೆಯ ನಡುವೆ ನಿಂತು ಡಾಕ್ಟರ ಮೂರು ತಲೆಮಾರನ್ನು ತೊಳೆದಳು. "ದನದ ಡಾಕ್ಟರಂತೆ! ಸತ್ತ ಹಸುವಿಗೆ ಬಾಲ ಅಲ್ಲಾಡಿಸಿ ತೋರಿಸಿ ಮಾರಿದ್ದಾನೆ ನನಗೆ!" ಎಲೆಕೋಸು ಮಾರುವವರು, ಕೊಳ್ಳುವವರು ಎಲ್ಲರೂ ಕೇಳಿದರು. ಅಲ್ಲೇ ಹುರಿದ ಜೋಳ ತಿನ್ನುತ್ತಿದ್ದ ಮಥೆಂಗೆಯೂ ಕೇಳಿ, ತೆನೆ ಕೆಳಗಿಟ್ಟು ನಕ್ಕ.

"ಮುಕುಹಿ ಅಮ್ಮ, ಬೇಜಾರು ಮಾಡ್ಕೋಬೇಡಿ. ಮಾರುತಿ ಅಂಗಳದಲ್ಲೇ ಇರಲಿ, ಕೋಳಿ ಮೊಟ್ಟೆ ಇಡೋಕೆ ಒಳ್ಳೇ ಜಾಗ."

"ಅದು ಗಿತುರಾ ಹತ್ತುತ್ತೆ. ಬರೆದಿಟ್ಕೊಳ್ಳಿ."

"ಮಳೇಲಿ? ಅದು ಮಳೇಲಿ ಗಿತುರಾ ಹತ್ತಿದ ದಿನ ನಾನೇ, ಈ ಮಥೆಂಗೆನೇ, ನಿಂತು ನ್ಗೆಮಿ ಹಾಕ್ತೀನಿ. ಗಂಡು ಹುಟ್ಟಿದ ಹಾಗೆ ಐದು!"

ಸಂತೆಯೆಲ್ಲ ಹೋ ಎಂದು ನಕ್ಕಿತು. ಗಂಡಸು ನ್ಗೆಮಿ ಹಾಕುವುದೆಂದರೆ ಹುಂಜ ಮೊಟ್ಟೆ ಇಟ್ಟ ಹಾಗೆ. ನ್ಯಾಕಿಯೊ ನಗಲಿಲ್ಲ. ಆ ಐದು ಅನ್ನುವ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಸಂಘದ ಅಧ್ಯಕ್ಷರು ಅವಳನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಹಾಲು ಯಾರಿಗೂ ಕಾಯುವುದಿಲ್ಲ. "ಗುರುವಾರ ನಾನೇ ದಿಬ್ಬದ ಮೇಲೆ ಬಂದು ನಿಲ್ತೀನಿ. ಬೆಳಿಗ್ಗೆ ನಿನ್ನ ಗಾಡಿ ಮೇಲೆ ಬಂದ್ರೆ ಗಿತುರಾ ದಾರಿ ನಿನ್ನದು. ಇಲ್ಲಾಂದ್ರೆ ಪೂರಾ ಮಥೆಂಗೆಗೆ ಬರೆದುಕೊಡ್ತೀವಿ. ಮತ್ತೆ ಕೇಳ್ಬೇಡ." ನ್ಯಾಕಿಯೊಗೆ ತನ್ನ ಹಸುಗಳು ಹೋದದ್ದು ನೆನಪಾಗಲಿಲ್ಲ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಕೆಸರಲ್ಲಿ ಇಳಿದ ಶೋಶೋ ವರುಗುರುವಿನ ಬರಿಗಾಲು ನೆನಪಾಯಿತು.

ಬುಧವಾರ ಮಧ್ಯಾಹ್ನ ಅವಳು ಉಳಿದ ಹಸುಗಳಿಗೆ ಮೇವು ಕತ್ತರಿಸುತ್ತಿದ್ದಳು, ಮೇವಿನ ಯಂತ್ರದ ಹಿಡಿ ತಿರುಗಿಸುತ್ತಾ. ಇದ್ದಕ್ಕಿದ್ದ ಹಾಗೆ ಹಿಡಿ ಹಗುರವಾಗಿ ತಿರುಗತೊಡಗಿತು, ಕತ್ತಿಯ ಚಕ್ರ ನಿಂತುಬಿಟ್ಟಿತು. ಹುಲ್ಲು ಕೊಡುತ್ತಿದ್ದ ಗಚಂಜ, "ಪಿನ್ನು ಬಿತ್ತು" ಎಂದು ನೆಲದಲ್ಲಿ ಹುಡುಕತೊಡಗಿದ. ಹಿಡಿಗೂ ಚಕ್ರಕ್ಕೂ ನಡುವೆ ಬೆರಳುದ್ದದ ಕಬ್ಬಿಣದ ಪಿನ್ನು. ಅದು ಕಳಚಿದರೆ ಕೈ ಎಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ನ್ಯಾಕಿಯೊ ಹಿಡಿಯನ್ನು ಇನ್ನೊಮ್ಮೆ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. ಆಮೇಲೆ ಹುಲ್ಲನ್ನು ಅಲ್ಲೇ ಬಿಟ್ಟು ಓಡಿದಳು.

"ಮುಕುಹಿ ಅಪ್ಪಾ! ಬಾ, ಗಾಡೀಲಿ ಕೂತ್ಕೋ!"

"ನನಗೆ ಓಡಿಸೋಕೆ ಬರಲ್ಲ."

"ಓಡಿಸ್ಬೇಡ. ಬಲಗಾಲು ಮೆಲ್ಲಗೆ ಒತ್ತು, ಸಾಕು. ನನ್ನ ಮೇಲೆ ಹತ್ತಿಸಿದ್ರೆ ಸತ್ತ ಮೇಲೂ ಬಿಡಲ್ಲ ನಿನ್ನ."

ಹಿಂದಿನ ಚಕ್ರಗಳನ್ನು ಕೊಟ್ಟಿಗೆಯ ಕೆಸರಿಗೆ ಇಳಿಸಿ, ಸನ್ನೆ ಎಳೆದು, ಗೇರು ಹಾಕಿ ಗಚಂಜನ ಕಾಲಿಗೆ ಒಪ್ಪಿಸಿ, ಅವಳು ಪಕ್ಕದಲ್ಲಿ ಗೋಣಿಚೀಲದ ಮೇಲೆ ಮಲಗಿ ನೋಡಿದಳು. ಹಿಂದಿನ ಚಕ್ರ ಕೆಸರಲ್ಲಿ ಗರಗರ. ನಡುವಿನ ಡಬ್ಬಿಯಿಂದ ಮುಂದಕ್ಕೆ ಹೋಗುವ ಉದ್ದನೆಯ ಸರಳೂ ಗರಗರ! ಡಬ್ಬಿ ಸತ್ತಿರಲಿಲ್ಲ. ಸರಳು ತಿರುಗುತ್ತಿದೆ, ಚಕ್ರ ನಿಂತಿದೆ. ಹಾಗಾದರೆ ಪಿನ್ನು ಕಳಚಿರುವುದು ಚಕ್ರದ ಹತ್ತಿರವೇ. ಅವಳು ಎದ್ದು ಚಕ್ರದ ಕೆಸರು ಒರೆಸಿದಳು. ಕರೀ ಮುಚ್ಚಳ. ಸುತ್ತಲೂ ಹೊಳೆಯುವ ರಿವಿಟ್‌ಗಳು. ತಾನೇ ಮುಂದೆ ನಿಂತು, ಗಟ್ಟಿಯಾಗಿ ಹೊಡಿ ಅಂತ ಹೊಡೆಸಿದ್ದು.

ಅವಳು ಒಂದೊಂದು ರಿವಿಟ್ಟನ್ನೂ ಬೆರಳಿಟ್ಟು ಎಣಿಸಿದಳು. ಆಮೇಲೆ ಉಳಿ, ಸುತ್ತಿಗೆ ತಂದು ಒಂದೊಂದೇ ರಿವಿಟ್‌ನ ತಲೆ ಹಾರಿಸಿದಳು. ಮುಚ್ಚಳ ಕಳಚಿ ಬಿತ್ತು. ಒಳಗೆ ಗುಬುಟು, ಅಂದು ಡಾಕ್ಟರು ಹಿಂದಕ್ಕೆ ತಿರುಗಿಸಿ ಬಿಟ್ಟ ಹಾಗೆಯೇ, ಧೂಳು ಕೂಡ ಕೂರದೆ ಭದ್ರವಾಗಿತ್ತು. ಸರಳನ್ನೂ ಚಕ್ರವನ್ನೂ ಬೆಸೆಯುವ ಪಿನ್ನು ಇದೇ. ಕಳ್ಳರಿಂದ ಕಾಪಾಡಿದ್ದಂತೂ ನಿಜ.

ಗಚಂಜ ಇಳಿದು ಬಂದು ಮುಚ್ಚಳವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಇದು ನಮ್ಮ ಅಡುಗೆಮನೇದಾ?" ಅಂದ. ಅಷ್ಟಕ್ಕೆ ನ್ಯಾಕಿಯೊ ನಗತೊಡಗಿದವಳು ಕೆಸರಲ್ಲೇ ಕೂತುಬಿಟ್ಟಳು, ಹೊಟ್ಟೆ ಹಿಡಿದುಕೊಂಡು.

ನಕ್ಕು ಮುಗಿಸಿ ಡಾಕ್ಟರಿಗೆ ಫೋನು ಮಾಡಿದಳು.

"ಮ್ಜೀ, ಚಕ್ರದ ಗುಬುಟು ಯಾವ ಕಡೆ ತಿರುಗಿಸ್ಬೇಕು?"

"ಬಲಕ್ಕೆ, ಟಕ್ ಅನ್ನೋವರೆಗೆ. ಅವತ್ತೇ ಹೇಳಿದ್ದೆನಲ್ಲಮ್ಮ, ಎರಡು ಸಲ." ಒಂದು ಕೆಮ್ಮು. "ಸಂತೇಲಿ ನನ್ನ ಹೆಸರು ಬಹಳ ಓಡಾಡ್ತಿದೆ ಅಂತ ಕೇಳಿದೆ."

"ಮುಂದಿನ ಸಂತೇಲಿ ಅದೇ ಜಾಗದಲ್ಲಿ ನಿಂತು, ಅಷ್ಟೇ ಗಟ್ಟಿಯಾಗಿ ತಪ್ಪಾಯ್ತು ಅಂತೀನಿ ಮ್ಜೀ. ನೀವೂ ಬನ್ನಿ, ಕೇಳಿಸ್ಕೊಳ್ಳಿ."

"ಬರ್ತೀನಿ, ಬರ್ತೀನಿ. ಕುರ್ಚಿ ಹಾಕಿಸು."

ಗುರುವಾರ ಬೆಳಿಗ್ಗೆ ಸೋನೆ ಮಳೆ. ಗಿತುರಾದ ತುದಿಯಲ್ಲಿ ಅಧ್ಯಕ್ಷರು ಕೊಡೆ ಹಿಡಿದು ನಿಂತಿದ್ದರು. ಎಂದೂ ಹೊತ್ತಿಗೆ ಬಾರದ ಮಥೆಂಗೆ ಅಂದು ಎಲ್ಲರಿಗಿಂತ ಮುಂಚೆ ಟ್ರ್ಯಾಕ್ಟರ್ ತಂದು ನಿಲ್ಲಿಸಿ, ಫ್ಲಾಸ್ಕಿನ ಚಹಾ ಹೀರುತ್ತಿದ್ದ. ಹೆಂಗಸರು ಕ್ಯಾನುಗಳ ಪಕ್ಕದಲ್ಲಿ ತಲೆಗೆ ಪ್ಲಾಸ್ಟಿಕ್ ಹೊದ್ದು ನಿಂತಿದ್ದರು. ಕೆಲವರು ಆಗಲೇ ಕ್ಯಾನುಗಳನ್ನು ಟ್ರ್ಯಾಕ್ಟರ್ ಕಡೆಗೆ ಸರಿಸಿ ಇಟ್ಟಿದ್ದರು. ಅವರನ್ನು ಬಯ್ಯುವುದು ಸರಿಯಲ್ಲ, ಆಸೆಪಟ್ಟು ಸೋತು ಅವರಿಗೂ ಸಾಕಾಗಿತ್ತು.

ದಿಬ್ಬದ ಬುಡದಲ್ಲಿ ನ್ಯಾಕಿಯೊ ಇಳಿದಳು. ಎಡ ಚಕ್ರದ ಗುಬುಟು ತಿರುಗಿಸಿದಳು, ಟಕ್. ಬಲದ್ದು, ಟಕ್. ಮಾರುತಿಯ ಮೂತಿ ತಟ್ಟಿ, "ಇಷ್ಟು ದಿನ ನಿನ್ನ ಕೈ ಕಟ್ಟಿಹಾಕಿ ಯಾಕೆ ದುಡಿಯಲ್ಲ ಅಂತ ಬೈದೆ. ಇವತ್ತು ನನ್ನ ಮಾನ ಉಳಿಸಪ್ಪಾ" ಅಂದಳು. ಹತ್ತಿ ಕೂತು ಸನ್ನೆ ಎಳೆದಳು.

ಮೊದಲ ಏರಿನಲ್ಲೇ ಗೊತ್ತಾಯಿತು. ಸ್ಟಿಯರಿಂಗ್ ಬಿಗಿಯಾಗಿ ಕೈಗೆ ಮರುಮಾತಾಡಿತು. ಮುಂದಿನ ಚಕ್ರಗಳು ಜೇಡಿಯನ್ನು ಕಚ್ಚಿದವು, ಹಿಂದಿನವು ನೂಕಿದವು. ಎರಡನೇ ಗೇರಿನ ಕೊರಗು ಶುರುವಾಯಿತು, ನ್ಯಾಕಿಯೊ ಜೊತೆಗೆ ಗುನುಗಿದಳು. ಮಾರುತಿ ಅತ್ತಿತ್ತ ಜಾರಿತು, ಸೊಂಟ ಬಳುಕಿಸಿತು, ಆದರೆ ನಿಲ್ಲಲಿಲ್ಲ. ಕೊನೆಯ ತಿರುವಿನಲ್ಲಿ ತಾನೇ ತೋಡಿದ ಹಳೆಯ ಹೊಂಡ ನೀರು ತುಂಬಿ ಕಾದಿತ್ತು. ನ್ಯಾಕಿಯೊ ಮೊದಲನೇ ಗೇರಿಗೆ ಇಳಿಸಿ, ಕಾಲು ಅಲ್ಲಾಡಿಸದೆ ಒಂದೇ ಹದಕ್ಕೆ ಹಿಡಿದಳು. ಮೂತಿ ಮುಳುಗಿತು. ಮೇಲಿದ್ದವರೆಲ್ಲ ಕ್ಯಾನು ಬಿಟ್ಟು ಅಂಚಿಗೆ ಬಂದರು. ಮೂತಿ ಎದ್ದಿತು, ಕೆಸರು ಸುರಿಸುತ್ತಾ, ಮುಂದಿನ ಚಕ್ರ ದಡ ಹಿಡಿದು ಎಳೆದು, ಮಾರುತಿ ಪೂರಾ ಮೇಲೆ ಬಂದು ಮಥೆಂಗೆಯ ಟ್ರ್ಯಾಕ್ಟರಿನ ಮೂಗಿನ ಮುಂದೆ ನಿಂತಿತು.

ಅಧ್ಯಕ್ಷರು ಕೊಡೆ ಮಡಚಿದರು. "ದಾರಿ ನಿನ್ನದು, ಮುಕುಹಿ ಅಮ್ಮ" ಎಂದರು, ಎಲ್ಲರಿಗೂ ಕೇಳುವ ಹಾಗೆ.

ಶೋಶೋ ವರುಗುರು ಪ್ಲಾಸ್ಟಿಕ್ ಕಿತ್ತೆಸೆದು ಬಾಯಿ ತೆರೆದಳು. ಅವಳ ಹಿಂದೆ ಗಿತುರಾದ ಹೆಂಗಸರೆಲ್ಲ. ಒಂದು ನ್ಗೆಮಿ. ಎರಡು. ಮೂರು. ಮೂರಕ್ಕೆ ಅಜ್ಜಿ ಕೈಯೆತ್ತಿದಳು, ಎಲ್ಲರೂ ನಿಲ್ಲಿಸಿದರು. ಅಜ್ಜಿ ಮೆಲ್ಲಗೆ ಟ್ರ್ಯಾಕ್ಟರ್ ಕಡೆ ತಿರುಗಿದಳು.

"ಮಥೆಂಗೆ, ಮಗಾ, ಉಳಿದೆರಡು ನಿನಗೆ ಅಂತ ಇಟ್ಟಿದ್ದೀವಿ."

ಮಥೆಂಗೆ ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು ಮೋಡ ನೋಡಿದರು. ಹೆಂಗಸರು ಸೊಂಟಕ್ಕೆ ಕೈಯಿಟ್ಟು ಕಾದರು. ಮಾತು ಕೊಟ್ಟ ಮೇಲೆ ತಪ್ಪುವ ಜಾತಿಯಲ್ಲ ಅವನು, ಅದನ್ನು ಒಪ್ಪಲೇಬೇಕು. ಟೋಪಿ ತೆಗೆದ, ಚಹಾದ ಲೋಟ ಕೆಳಗಿಟ್ಟ, ನಾಲಿಗೆ ಆಡಿಸಿದ. ನಾಲ್ಕನೆಯದು ಎಳೇ ಹುಂಜ ಕೂಗು ಕಲಿಯುವ ಹಾಗೆ ಒಡೆದು ಹೊರಬಿತ್ತು. ನಗೆಯ ನಡುವೆಯೇ ಅವನು ಇನ್ನೊಮ್ಮೆ ಉಸಿರೆಳೆದುಕೊಂಡ. ಐದನೆಯದನ್ನು ಮಾತ್ರ ಪೂರಾ ಮನಸ್ಸಿಟ್ಟು ಹಾಕಿದ. ಅದು ಉದ್ದಕ್ಕೆ, ನೇರವಾಗಿ, ಕಣಿವೆ ದಾಟಿ ಹೋಯಿತು.

ನ್ಯಾಕಿಯೊ ನಗಬೇಕೆಂದೇ ಕಾದಿದ್ದಳು. ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತಳು. ಹುಟ್ಟಿದ ದಿನದಿಂದ ಬಾಕಿ ಉಳಿದಿದ್ದ ಎರಡು ಕೇಕೆ ಅವಳಿಗೆ ಅಂದು ಸಂದಿದ್ದವು. ಆಮೇಲೆ ಕಣ್ಣೊರೆಸಿಕೊಂಡು, "ನಿಂತು ಏನು ನೋಡ್ತೀರ್ರೇ, ಹಾಲು ಕೆಡುತ್ತೆ, ಹತ್ತಿಸಿ!" ಎಂದು ಗದರಿದಳು. ಮಥೆಂಗೆಯೇ ಮೊದಲ ಕ್ಯಾನು ಎತ್ತಿಕೊಟ್ಟ. ಹೊತ್ತೇರುವ ಮುಂಚೆ ಗಿತುರಾದ ಹಾಲು, ಒಂದು ಹನಿಯೂ ಹುಳಿಯಾಗದೆ, ಸಂಘದ ತೊಟ್ಟಿಗೆ ಬಿತ್ತು.

ಅಂದು ಮಧ್ಯಾಹ್ನ ಅವಳು ಖಾಲಿ ಕ್ಯಾನು ಹಿಂದಿರುಗಿಸಲು ಮೇಲೆ ಬಂದಾಗ, ಆಚೆ ದಿಬ್ಬದಿಂದ ಇಬ್ಬರು ಮುದುಕಿಯರು ಕೋಲೂರಿಕೊಂಡು ಬಂದು ಶೋಶೋ ವರುಗುರುವಿನ ಅಂಗಳದಲ್ಲಿ ನಿಂತಿದ್ದರು. ಬೆನ್ನ ಮೇಲೆ ಸೋರೆಬುರುಡೆ, ಅದರಲ್ಲಿ ಬಾಣಂತಿಗೆಂದು ಕಾಯಿಸಿ ತಂದ ಬಿಸಿ ಅಂಬಲಿ.

"ಬೆಳಿಗ್ಗೆ ಐದು ಕೇಳಿಸ್ತು" ಅಂದಳು ಒಬ್ಬಳು, ಏದುಸಿರು ಬಿಡುತ್ತಾ. "ಐದನೇದಂತೂ ಬಹಳ ಜೋರು. ಎಲ್ಲಿ ಬಾಣಂತಿ?"

ಗಿತುರಾದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೋಶೋ ವರುಗುರು ಸೋರೆಬುರುಡೆ ಇಸಿದುಕೊಂಡು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ನಿಂತಿದ್ದ ನ್ಯಾಕಿಯೊಳ ಕೈಗಿಟ್ಟಳು.

"ಕುಡಿಯಮ್ಮ, ನಿನಗೇ ಬಂದಿರೋದು" ಅಂದಳು.

ನ್ಯಾಕಿಯೊ ಮಾರುತಿಗೆ ಒರಗಿ ನಿಂತು ಅಷ್ಟನ್ನೂ ಕುಡಿದಳು.